ಒಂದು ನೆಲಕ್ಕೆ ಮೂರು ಬೆಂಕಿ

ಸೊಲ್ಗೊಲ್ ಕಣಿವೆಯಲ್ಲಿ ಯಾರ ಮನೆಗೆ ಹೋದರೂ, ಜೋಡು ಬಿಟ್ಟು ಒಳಗೆ ಕಾಲಿಟ್ಟವರು ಮೊದಲು ಮಾಡುವ ಕೆಲಸ ನೆಲಕ್ಕೆ ಅಂಗೈ ಒತ್ತಿ ನೋಡುವುದು. ಕ್ಷೇಮ ಸಮಾಚಾರ, ಬೆಳೆ, ಮಕ್ಕಳ ಮದುವೆ ಎಲ್ಲ ಆಮೇಲೆ. ನೆಲ ಬೆಚ್ಚಗಿದ್ದರೆ ಆ ಮನೆಯವರು ಮರ್ಯಾದಸ್ಥರು. ತಣ್ಣಗಿದ್ದರೆ, ಗೋಡೆಗೆ ಎಷ್ಟು ದೊಡ್ಡ ಟಿ.ವಿ. ನೇತುಹಾಕಿದ್ದರೂ ಅದು ಮನೆಯಲ್ಲ, ಮೂಲಂಗಿ ತುಂಬಿಡುವ ಕೊಠಡಿ. ಕೂರುವುದು ನೆಲದ ಮೇಲೆ, ಉಣ್ಣುವುದು ನೆಲದ ಮೇಲೆ, ಮಲಗುವುದೂ ನೆಲದ ಮೇಲೆ. ಅದರ ಕೆಳಗೆ ಬೆಂಕಿ ಇಲ್ಲದಿದ್ದರೆ ಗಂಗ್‌ವೊನ್ ಸೀಮೆಯ ಚಳಿ ಮನುಷ್ಯನನ್ನು ಪಾದದಿಂದ ಶುರುಮಾಡಿ ನೆತ್ತಿಯವರೆಗೆ ತಿಂದು ಮುಗಿಸುತ್ತದೆ.

ಇಂಥ ನೆಲವೊಂದನ್ನು ಆರಿಸುವ ಹೊಣೆ ಮಾ ದೊಕ್ಪಾಲನ ಹೆಗಲಿಗೆ ಬಿತ್ತು. ಅಲ್ಲಿಯವರೆಗೆ ಅವನು ಬಾಳಿನಲ್ಲಿ ಏನನ್ನೂ ಆರಿಸಿದವನಲ್ಲ. ಜಿಲ್ಲಾ ಬಸ್ಸು ಓಡಿಸಿ ನಿವೃತ್ತನಾದವನು, ರಸ್ತೆ ಎತ್ತ ಹೋಯಿತೋ ಅತ್ತ ಹೋದವನು. ಕೈ ಎತ್ತಿದ ಯಾರನ್ನೂ ಅವನು ಬಿಟ್ಟು ಹೋದದ್ದಿಲ್ಲ. ತಲೆ ಕೆರೆದುಕೊಳ್ಳಲು ಕೈ ಎತ್ತಿದವರಿಗೂ ಬಸ್ಸು ನಿಲ್ಲಿಸಿ, ಬಾಗಿಲು ತೆಗೆದು, ಅವರಿಗೆ ಮುಜುಗರವಾಗದಿರಲೆಂದು ಹತ್ತಿಸಿಕೊಂಡು ಹೋದದ್ದುಂಟು. ಇಲ್ಲ ಎನ್ನುವ ಮಾತು ಅವನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. ಮದುವೆಯೂ ಹಾಗೇ ಆಗಿತ್ತು. ಸೂನಿಮ್ ಕೇಳಿದಳು, ಇವನು ಹೂಂ ಎಂದ.

ಇದೆಲ್ಲ ಶುರುವಾದದ್ದು ಒಂದು ಫೋನಿನಿಂದ. ಸೂನಿಮಳ ತಾಯಿ ಎಂಬತ್ತು ದಾಟಿದವಳು, ಇಂಚಿಯೋನಿನ ಬಹುಮಹಡಿ ಮನೆಯಲ್ಲಿ ಮಗ ಕಿಹ್ವಾನನ ಜೊತೆ ಇದ್ದಳು. ಹರೆಯದಲ್ಲಿ ಜುಮುನ್ಜಿನ್ ರೇವಿನಿಂದ ಉಪ್ಪುಮೀನಿನ ಬುಟ್ಟಿ ತಲೆಮೇಲೆ ಹೊತ್ತು, ಬೆಟ್ಟ ಹತ್ತಿ, ಹಳ್ಳಿಹಳ್ಳಿ ಸುತ್ತಿ ಮಾರಿ ಮಕ್ಕಳನ್ನು ದಡ ಸೇರಿಸಿದ ಹೆಂಗಸು. ಮಾತು ಕಡಿಮೆ. ಅಳಿಯನನ್ನು ಆಕೆ ಎಂದೂ ಬೈದವಳಲ್ಲ, ಸದಾ ‘ಅಳಿಯಂದಿರೆ’ ಎಂದು ಬಹುವಚನದಲ್ಲೇ ಕರೆಯುತ್ತಿದ್ದಳು. ದೊಕ್ಪಾಲನಿಗೆ ಬೈಗುಳಕ್ಕಿಂತ ಆ ಬಹುವಚನದ ಭಯವೇ ಹೆಚ್ಚು. ಆ ದಿನ ಆಕೆ ಮಗಳಿಗೆ ಫೋನಿನಲ್ಲಿ, ಇಲ್ಲಿ ನನಗೆ ಕೂರೋಕೆ ಜಾಗವಿಲ್ಲ ಕಣೇ ಎಂದಳಂತೆ. ಮಗ ಸಮುದ್ರದ ಹತ್ತಿರ ಮುದುಕರನ್ನು ನೋಡಿಕೊಳ್ಳುವ ಒಂದು ಒಳ್ಳೆಯ ಮನೆ ಗೊತ್ತುಮಾಡಿದ್ದಾನೆ, ಚಳಿಗಾಲ ಮುಗಿಯುವುದರೊಳಗೆ ಅಲ್ಲಿಗೆ ಸೇರಿಕೊಳ್ಳುತ್ತೇನೆ, ಅದಕ್ಕೆ ಮುಂಚೆ ನಡುಚಳಿಯ ಕೆಂಪು ಕಾಳಿನ ಗಂಜಿಯ ಹಬ್ಬಕ್ಕೆ ಬಂದು ನಿನ್ನ ಮುಖ ನೋಡಿ ಹೋಗುತ್ತೇನೆ ಎಂದೂ ಹೇಳಿದಳಂತೆ.

ಸೂನಿಮ್ ಆ ಸಂಜೆಯೆಲ್ಲ ಬೆಳ್ಳುಳ್ಳಿ ಸುಲಿಯುತ್ತ ಕೂತಳು. ಇಬ್ಬರೇ ಇರುವ ಮನೆ ಒಂದು ವರ್ಷ ತಿಂದರೂ ಮುಗಿಯದಷ್ಟು ಸುಲಿದಳು. ಕೊನೆಗೆ, ಅಮ್ಮ ಆ ಮನೆಗೆ ಹೋಗದೆ ಇಲ್ಲೇ ಇದ್ದುಬಿಟ್ಟರೆ ಸಾಕು, ನನಗೆ ಬೇರೇನೂ ಬೇಡ ಎಂದಳು. ಹೆಂಡತಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಮದುವೆಯ ನಂತರ ಅದೇ ಮೊದಲು. ದೊಕ್ಪಾಲ ಹೂಂ ಎಂದ. ಮನೆಯಲ್ಲಿದ್ದದ್ದು ಎರಡೇ ಕೋಣೆ. ಸೋಯಾ ಸಾರಿನ ಜಾಡಿಗಳಿದ್ದ ಕಡೆ ಗೋಡೆ ಒಡೆದು ಮೂರನೆಯದನ್ನು ಕಟ್ಟಿಸುವುದೆಂದಾಯಿತು.

ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮರುದಿನ ಊರಿನ ಚಾವಡಿಯಲ್ಲಿ ಬಾರ್ಲಿ ಚಹಾ ಕುಡಿಯುತ್ತ ದೊಕ್ಪಾಲ ಪಂಡಿತನಾದ. ಅತ್ತೆಯ ಮಾತಿನ ಒಳಾರ್ಥ ತನಗೆ ಮಾತ್ರ ಹೊಳೆದಿದೆ ಎಂದು ಕಾಲು ಮಡಿಸಿ ಕೂತು ವಿವರಿಸಿದ. ಬಹುಮಹಡಿ ಮನೆಯ ನೆಲ ಎಲ್ಲ ಕಡೆ ಒಂದೇ ಸಮ ಉಗುರುಬೆಚ್ಚಗೆ, ಆರಿದ ಚಹಾದ ಹಾಗೆ. ಅಲ್ಲಿ ಒಲೆಬದಿ ಇಲ್ಲ. ನಮ್ಮ ಹಿರಿಯರ ಮನೆಗಳಲ್ಲಿ ಗೋಡೆಯಾಚೆ ಒಲೆ, ಆ ಗೋಡೆಗೆ ಹತ್ತಿದ ನೆಲ ಸುಡುಸುಡು, ಅದು ಹಿರಿಯರ ಸ್ಥಾನ. ದೂರದ ಬಾಗಿಲಬದಿ ತಣ್ಣಗೆ, ಅದು ಸೊಸೆಯರಿಗೆ, ಸಾಲ ಕೇಳಲು ಬಂದವರಿಗೆ. ಒಲೆಬದಿ ಇಲ್ಲದ ಮನೆಯಲ್ಲಿ ಹಿರಿಯರು ಎಲ್ಲಿ ಕೂರಬೇಕು? ಅದಕ್ಕೇ ಜಾಗವಿಲ್ಲ ಎಂದಿದ್ದಾರೆ. ತಾನು ಅತ್ತೆಗೆ ಈ ಕಣಿವೆ ಕಂಡರಿಯದ ಒಲೆಬದಿ ಮಾಡಿಸಿಕೊಡುತ್ತೇನೆ ಎಂದ. ಕೇಳಿದವರು ತಲೆದೂಗಿದರು. ಅವನ ಮಾತಿಗೆ ಯಾರಾದರೂ ತಲೆದೂಗಿದ್ದು ಅದೇ ಮೊದಲಾದ್ದರಿಂದ ಅವನಿಗೂ ಅದು ನಿಜವೆನಿಸಿಬಿಟ್ಟಿತು.

ಊರ ಯಜಮಾನ ನಾಮ್ ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ. ಆತನ ಬಳಿ ಕಂಬಕ್ಕೆ ಕಟ್ಟಿದ ಧ್ವನಿವರ್ಧಕವಿತ್ತು. ಗೊಬ್ಬರ ಬಂತೆಂದೂ, ಯಾರದೋ ನಾಯಿ ತಪ್ಪಿಸಿಕೊಂಡಿತೆಂದೂ ಬೆಳಗಿನ ಜಾವವೇ ಕಣಿವೆಯನ್ನೆಲ್ಲ ಎಬ್ಬಿಸುವುದು ಅದರ ಕೆಲಸ. ಮರುದಿನ ಅದರಲ್ಲಿ, ದೊಕ್ಪಾಲನವರು ತಮ್ಮ ಅತ್ತೆಯವರಿಗಾಗಿ ಕಲ್ಲುಹಾಸಿನ ಕೆಳಗೆ ಬೆಂಕಿ ಹರಿಯುವ ಅಸಲಿ ಒಂದೋಲ್ ನೆಲ ಹಾಕಿಸುತ್ತಿದ್ದಾರೆಂದು ಸಾರಲಾಯಿತು. ಯಾವುದೋ ಹಳೆಯ ಮಠದಲ್ಲಿ ಒಮ್ಮೆ ಬೆಂಕಿ ಹಾಕಿದರೆ ತಿಂಗಳುಗಟ್ಟಲೆ ಬಿಸಿ ಆರದ ನೆಲವಿತ್ತಂತಲ್ಲ, ಅಂಥದ್ದೇ ಇದು ಎಂದೂ ಸೇರಿಸಲಾಯಿತು. ಕೆಲಸದವರನ್ನು ತಾನೇ ಕರೆತರುತ್ತೇನೆ ಎಂದು ನಾಮ್ ಮನೆಬಾಗಿಲಿಗೆ ಬಂದಾಗ ದೊಕ್ಪಾಲ ಹೂಂ ಎಂದ.

ಅದೇ ದಿನ ಮಧ್ಯಾಹ್ನ ಬಾಯ್ಲರ್ ಅಂಗಡಿಯ ಮುನ್ ಅವನನ್ನು ರಸ್ತೆಯಲ್ಲೇ ಹಿಡಿದ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು.

“ಲೋ ದೊಕ್ಪಾಲ, ನಿಮ್ಮತ್ತೆ ಬೆಳಗಾದ್ರೆ ಸೌದೆ ಸೀಳ್ಬೇಕೇನೋ? ನೆಲದ ತುಂಬ ಪೈಪು ಹಾಕಿ ಬಿಸಿನೀರು ಹರಿಸ್ತೀನಿ, ಗುಂಡಿ ತಿರುಗಿಸಿದ್ರೆ ಮುಗೀತು. ನನ್ನ ಬಿಟ್ಟು ಬೇರೆ ಯಾರ ಹತ್ರ ಮಾಡಿಸ್ತೀಯೋ ನೀನು?”

ಗೆಳೆಯನ ಕಣ್ಣಿನಲ್ಲಿ ನೋವಿತ್ತು. ದೊಕ್ಪಾಲ ಹೂಂ ಎಂದ. ಯಜಮಾನ ಮರೆತರೂ ಮರೆಯಬಹುದು ಎಂದು ಸಮಾಧಾನ ಮಾಡಿಕೊಂಡ.

ಸಂಜೆ ಕ್ಷೌರಕ್ಕೆ ಹೋದ. ಕೂದಲಂಗಡಿಯ ಬೊಂಗ್ಜಾ ಸೂನಿಮಳನ್ನು ಅಕ್ಕ ಎಂದೂ ಇವನನ್ನು ಭಾವ ಎಂದೂ ಕರೆಯುವವಳು. ಕತ್ತರಿಯನ್ನು ಇವನ ಕಿವಿಯ ಪಕ್ಕದಲ್ಲೇ ಆಡಿಸುತ್ತ, ನನ್ನ ಅಳಿಯ ವಿದ್ಯುತ್ತಿನ ಹಾಳೆ ಹಾಸುವ ಕೆಲಸ ಹೊಸದಾಗಿ ಹಿಡಿದಿದ್ದಾನೆ, ಕಾಗದದಷ್ಟು ತೆಳ್ಳಗೆ, ಸ್ವಿಚ್ಚು ಒತ್ತಿದ ಕ್ಷಣ ಬಿಸಿ, ಮೊದಲ ಗಿರಾಕಿಯೇ ಸಿಕ್ಕಿಲ್ಲ, ನೀವಾದರೂ ಕೈಹಿಡಿಯಬೇಕು ಭಾವ ಎಂದಳು. ಅರ್ಧ ತಲೆ ಬೋಳಾಗಿ ಕನ್ನಡಿಯ ಮುಂದೆ ಕೂತ ಮನುಷ್ಯ ಇನ್ನೇನು ಹೇಳಿಯಾನು?

ಗೋಡೆ ಎದ್ದ ಮೇಲೆ ಮೊದಲು ಬಂದವನು ನಾಮ್. ಅವನ ಕೆಲಸದವರು ಮಣ್ಣು ತೋಡಿ, ಹೊಗೆ ಹರಿಯಲು ಕಾಲುವೆ ಮಾಡಿ, ಅದರ ಮೇಲೆ ಅಗಲವಾದ ಬಂಡೆ ಹಾಸಿ, ಜೇಡಿಮಣ್ಣು ಮೆತ್ತಿದರು. ಒಲೆಗೆ ಮೊದಲ ಬೆಂಕಿ ಹಾಕುವ ಗೌರವ ದೊಕ್ಪಾಲನಿಗೆ ಸಿಕ್ಕಿತು. ಕಡ್ಡಿ ಗೀರಿದ. ಬೆಂಕಿ ಒಂದು ಸಲ ಇವನ ಮುಖ ನೋಡಿತು, ಆಮೇಲೆ ಯಾರೋ ಒಳಗಿನಿಂದ ಎಳೆದುಕೊಂಡ ಹಾಗೆ ಬುಸ್ಸೆಂದು ಬಂಡೆಗಳ ಕೆಳಗೆ ನುಗ್ಗಿತು. ದೊಕ್ಪಾಲ ಎದ್ದು ಮನೆಯ ಸುತ್ತ ಓಡಿ ಆಚೆ ಬದಿಯ ಹೊಗೆಗೂಡು ನೋಡಿದ. ಬೆಳ್ಳಗೆ, ನೆಟ್ಟಗೆ, ಹೊಗೆ ಎದ್ದು ಬರುತ್ತಿತ್ತು. ಮತ್ತೆ ಒಲೆಗೆ ಓಡಿದ, ಮತ್ತೆ ಹೊಗೆಗೂಡಿಗೆ ಓಡಿದ. ಇಲ್ಲಿ ಹೊಕ್ಕದ್ದು ಅಲ್ಲಿ ಬರುತ್ತಿದೆ ಎಂದು ಸಿಕ್ಕವರಿಗೆಲ್ಲ ಹೇಳಿದ. ಅವರಿಗೆ ಅದು ಹುಟ್ಟಿದಾಗಿನಿಂದ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಒಳಗೆ ಹೋಗಿ ಹಸಿ ಮಣ್ಣಿಗೆ ಕಿವಿಯಿಟ್ಟು ಮಲಗಿ, ತನ್ನ ಕೆಳಗೆ ಬೆಂಕಿ ಹೊಳೆಯ ಹಾಗೆ ಹರಿದುಹೋಗುವ ಸದ್ದು ಕೇಳಿದಾಗ ಅವನ ಕಣ್ಣು ತುಂಬಿ ಬಂತು. ಅರ್ಧ ಮುಖಕ್ಕೆ ಮಣ್ಣು ಮೆತ್ತಿಕೊಂಡೇ ಊಟಕ್ಕೆ ಹೋದ.

ಮಣ್ಣು ಒಣಗಿದ ಮೇಲೆ ಅವನು ಗೋಡೆಗೆ ಅಂಟಿಸುವ ಕಾಗದ ತರಲು ಪೇಟೆಗೆ ಹೋದಾಗ ಮುನ್ ಬಂದ. ನುಣ್ಣಗೆ ಮೆತ್ತಿದ ನೆಲ ನೋಡಿ ಅವನಿಗೆ ಗೆಳೆಯನ ಮೇಲೆ ಪ್ರೀತಿ ಉಕ್ಕಿತು. ಈ ಪೆದ್ದ ಕಲ್ಲಿನ ಆಸೆ ಬಿಟ್ಟು ಬದುಕಿನಲ್ಲಿ ಮೊದಲ ಬಾರಿಗೆ ಒಂದು ಕೆಲಸ ಸರಿಯಾಗಿ ಮಾಡಿದ್ದಾನೆ, ನನ್ನ ಪೈಪಿಗೆ ಎಂಥ ಗಟ್ಟಿ ತಳಪಾಯ ಹಾಕಿಸಿದ್ದಾನೆ ಎಂದುಕೊಂಡ. ದೊಕ್ಪಾಲ ವಾಪಸು ಬರುವಾಗ ಕೋಣೆಯ ತುಂಬ ಪೈಪು ಚಕ್ಕುಲಿಯ ಹಾಗೆ ಸುತ್ತಿ ಕೂತಿತ್ತು, ಅದರ ಮೇಲೆ ಸಿಮೆಂಟು ಸುರಿಯುತ್ತಿದ್ದರು. ಮುನ್ ಬೆವರೊರೆಸಿಕೊಂಡು ಹೇಗಿದೆಯೋ ಎಂದು ಕೇಳಿದ. ದೊಕ್ಪಾಲ ಬಾಯಿ ತೆರೆದ. ತೆರೆದ ಬಾಯಿಂದ ಹೊರಗೆ ಬಂದದ್ದು, ಚೆನ್ನಾಗಿದೆ ಎಂಬ ಮಾತು.

ಬೊಂಗ್ಜಾಳ ಅಳಿಯ ಬಂದಾಗ ಸಿಮೆಂಟು ಗಟ್ಟಿಯಾಗಿತ್ತು. ತನ್ನಂಥ ಹೊಸಬನ ಮೇಲೆ ಇಷ್ಟೊಂದು ವಿಶ್ವಾಸವಿಟ್ಟು ನೆಲವನ್ನು ಕನ್ನಡಿಯಷ್ಟು ಸಮ ಮಾಡಿಸಿಟ್ಟ ಹಿರಿಯರ ಮುಂದೆ ಆ ಹುಡುಗ ಸೊಂಟ ಬಗ್ಗಿಸಿ ವಂದಿಸಿ, ಕಪ್ಪು ಹಾಳೆ ಹಾಸಿ, ತಂತಿ ಜೋಡಿಸಿದ. ಅದರ ಮೇಲೆ ಸೂನಿಮ್ ಎಣ್ಣೆಕಾಗದ ಅಂಟಿಸಿ ಸೋಯಾ ಎಣ್ಣೆ ಹಾಕಿ ಉಜ್ಜಿ ಜೇನಿನ ಬಣ್ಣ ತಂದಳು. ಉಜ್ಜುತ್ತ, ಒಂದು ಕೋಣೆಗೆ ಎಷ್ಟು ನೆಲ ಬೇಕ್ರೀ ಎಂದು ಕೇಳಿದಳು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಅಂತ ಎಂದು ದೊಕ್ಪಾಲ ಬಹಳ ಯೋಚಿಸಿದವನ ಹಾಗೆ ಹೇಳಿದ. ಸೂನಿಮ್ ಮತ್ತೆ ಉಜ್ಜತೊಡಗಿದಳು.

ಒಟ್ಟಿನಲ್ಲಿ ಮೂವರೂ ತಮ್ಮದೇ ನೆಲ, ಉಳಿದದ್ದೆಲ್ಲ ಅದಕ್ಕೆ ಪೂರ್ವತಯಾರಿ ಅಥವಾ ಮೇಲಿನ ಅಲಂಕಾರ ಎಂದು ನಂಬಿ ಸುಖವಾಗಿದ್ದರು. ತೊಂದರೆಯಾದದ್ದು ಬಾಗಿಲಿಗೆ. ಒಂದರ ಮೇಲೊಂದು ನೆಲ ಏರುತ್ತ ಹೋಗಿ, ಬಾಗಿಲಿನ ಮೇಲಿನ ಅಡ್ಡಮರ ಎದೆಮಟ್ಟಕ್ಕೆ ಬಂದಿತ್ತು. ಒಳಗೆ ಹೋಗಬೇಕಾದರೆ ಯಾರೇ ಆಗಲಿ ಒಂದು ಮೆಟ್ಟಿಲು ಹತ್ತಿ, ಸೊಂಟದಿಂದ ಬಗ್ಗಿ ದೊಡ್ಡ ನಮಸ್ಕಾರ ಹಾಕಿಕೊಂಡೇ ಹೋಗಬೇಕು. ಊರಿನವರು ಇದನ್ನು ದೊಕ್ಪಾಲನ ಅತ್ತೆಭಕ್ತಿ ಎಂದು ತಿಳಿದು ಬೆರಗಾದರು. ಇದ್ದರೆ ಇಂಥ ಅಳಿಯನಿರಬೇಕು ಎಂದು ಹೆಂಗಸರು ತಮ್ಮ ಅಳಿಯಂದಿರಿಗೆ ಫೋನು ಮಾಡಿ ಹೇಳಿದರು.

ಹಬ್ಬದ ಹಿಂದಿನ ದಿನ ಮೂವರೂ ಬೇರೆ ಬೇರೆ ಹೊತ್ತಿಗೆ, ಅಜ್ಜಿ ಬರುವ ಮುಂಚೆ ತಮ್ಮ ನೆಲ ಚೆನ್ನಾಗಿ ಕಾದಿರಲಿ ಎಂದು ಬಂದರು. ನಾಮ್ ಬೆಳಿಗ್ಗೆ ಬಂದು ಒಲೆಯ ಬಾಯಿ ಮುಚ್ಚುವಷ್ಟು ಓಕ್ ಸೌದೆ ತುರುಕಿದ. ಮುನ್ ಬಂದು ಗುಂಡಿಯನ್ನು ಇನ್ನು ತಿರುಗುವುದಿಲ್ಲ ಎನ್ನುವವರೆಗೆ ತಿರುಗಿಸಿದ. ಬೊಂಗ್ಜಾ ಬಂದು ಸ್ವಿಚ್ಚು ಒತ್ತಿದಳು. ಪ್ರತಿಯೊಬ್ಬರೂ ನೆಲಕ್ಕೆ ಅಂಗೈ ಒತ್ತಿ, ನೋಡಿದೆಯಾ ನನ್ನ ಕೆಲಸ ಎನ್ನುವಂತೆ ದೊಕ್ಪಾಲನ ಕಡೆ ನೋಡಿದರು. ಅವನು ಮೂರು ಸಲವೂ ತಲೆದೂಗಿದ.

ಮಧ್ಯಾಹ್ನದ ಹೊತ್ತಿಗೆ ಆ ಕೋಣೆಯ ಮಾಡಿನ ಹಿಮ ಕರಗಿ ತೊಟ್ಟಿಕ್ಕತೊಡಗಿತು. ಊರಿನ ಬೆಕ್ಕುಗಳೆಲ್ಲ, ಹಗೆತನ ಮರೆತು, ಹೊರಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತವು. ಗೋಡೆಯ ಬುಡದ ಅಜೇಲಿಯ ಗಿಡ ವಸಂತ ಬಂತೆಂದು ಮೋಸಹೋಗಿ ಎರಡು ಮೊಗ್ಗು ಬಿಟ್ಟಿತು. ಮೊದಲು ಬಂದದ್ದು ನೆರೆಮನೆಯವಳ ಸೋಯಾ ಉಂಡೆ, ಹುಳಿ ಬರಲೆಂದು ಮೂಲೆಯಲ್ಲಿ ಇಟ್ಟುಹೋದಳು. ಆಮೇಲೆ ಒಣಗದ ಮೆಣಸಿನಕಾಯಿ ಬಂತು. ಆಮೇಲೆ ಸೊಂಟನೋವುಗಳು ಬಂದವು. ಬಗ್ಗಿ ಬಗ್ಗಿ ಒಳಹೋದ ಮುದುಕಿಯರು ಅಂಗಾತ ಮಲಗಿ, ಅಮ್ಮಾ ಎಂದು ನಿಟ್ಟುಸಿರಿಟ್ಟು, ರೊಟ್ಟಿ ಮಗುಚಿಕೊಂಡ ಹಾಗೆ ತಾವೇ ಮಗುಚಿಕೊಳ್ಳುತ್ತ, ಹೀಗೆ ಸುಡುವ ನೆಲ ನಾವು ನೋಡಿಲ್ಲ ಎಂದು ಬೆರಗಿನಿಂದ ಪಿಸುಗುಟ್ಟಿದರು.

ಆ ಹೊತ್ತಿಗೆ ಸರಿಯಾಗಿ ಹೊಸ ಕೋಣೆಯ ತಪಾಸಣೆಗೆಂದು ತಾಲ್ಲೂಕು ಕಚೇರಿಯ ಯಾಂಗ್ ಬಂದ. ಕುತ್ತಿಗೆ ಸೆಟೆದ ಮನುಷ್ಯ, ಯಾರಿಗೂ ಬಗ್ಗದವನೆಂದು ಹೆಸರು ಪಡೆದವನು. ಬಾಗಿಲು ಅವನನ್ನೂ ಬಗ್ಗಿಸಿತು. ಮುದುಕಿಯರು ಎದ್ದು ಕೂತು, ಅಧಿಕಾರಿಗಳು ಒಲೆಬದಿಗೆ ಬರಬೇಕು ಎಂದರು. ಯಾಂಗ್ ಬೇಡ ಎಂದ. ಮೂರು ಸಲ ಬೇಡ ಎನ್ನುವುದು ಮರ್ಯಾದೆ, ಮೂರು ಸಲ ಒತ್ತಾಯ ಮಾಡುವುದೂ ಮರ್ಯಾದೆ, ಆಮೇಲೂ ಕೂರದಿರುವುದು ಅವಮಾನ. ಯಾಂಗ್ ಕೂತ. ಕೂತವನ ಮುಖ ಮೊದಲು ಗುಲಾಬಿಯಾಯಿತು, ಆಮೇಲೆ ಕೆಂಪು ಮೆಣಸಿನ ಬಣ್ಣಕ್ಕೆ ಬಂತು. ಎಡಕ್ಕೆ ವಾಲಿದ, ಬಲಕ್ಕೆ ವಾಲಿದ, ಒಂದು ತೊಡೆಗೆ ವಿರಾಮ ಕೊಟ್ಟು ಇನ್ನೊಂದನ್ನು ಮುಂದೆ ಮಾಡಿದ. ಹಿರಿಯರು ಎದುರಿಗೆ ಕೂತಿರುವಾಗ ಕೊಟ್ಟ ಸ್ಥಾನ ಬಿಟ್ಟು ಏಳುವುದು ಹೇಗೆ? ನೆಲದ ಎತ್ತರ, ಬಾಗಿಲಿನ ಅಳತೆ ಇವನ್ನೆಲ್ಲ ಕೇಳಬೇಕೆಂದು ಬಂದವನು, ಎಲ್ಲ ಸರಿಯಾಗಿದೆ, ತುಂಬಾ ಸರಿಯಾಗಿದೆ ಎಂದು ಉಸಿರು ಬಿಗಿಹಿಡಿದು ಹೇಳಿದ. ಹೊರಡುವಾಗ ದೊಕ್ಪಾಲನನ್ನು ಪಕ್ಕಕ್ಕೆ ಕರೆದು, ನಮ್ಮ ತಾಯಿಗೂ ಮಂಡಿನೋವು, ಒಂದು ದಿನ ಕರೆದುಕೊಂಡು ಬರಬಹುದೇ ಎಂದು ಕೇಳಿದ.

ಹೀಗೆ ಅಧಿಕಾರವೇ ಬಗ್ಗಿ ಬೆವರಿ ಹೋದ ಮೇಲೆ ದೊಕ್ಪಾಲನಿಗೆ ಯಾವ ಅಳುಕೂ ಉಳಿಯಲಿಲ್ಲ. ಅತ್ತೆ ಈ ನೆಲ ಬಿಟ್ಟು ಎಲ್ಲಿಗೂ ಹೋಗಲಾರಳು ಎಂದು ಹೆಂಡತಿಗೆ ಹೇಳಿ, ಬಹಳ ಕಾಲದ ಮೇಲೆ ನಿಶ್ಚಿಂತೆಯಿಂದ ನಿದ್ದೆ ಮಾಡಿದ. ಸೂನಿಮ್ ಮಾತ್ರ ಅಡುಗೆಮನೆಯಲ್ಲಿ ಕೆಂಪು ಕಾಳು ನೆನೆಹಾಕುತ್ತ, ನೆನೆಹಾಕಿದ್ದನ್ನೇ ಮತ್ತೆ ಮತ್ತೆ ತೊಳೆಯುತ್ತ ಇದ್ದಳು.

ಮರುದಿನ ಮಧ್ಯಾಹ್ನ ಕಿಹ್ವಾನನ ಕಾರು ಬಂತು. ಅಂಗಳದಲ್ಲಿ ನಾಮ್, ಮುನ್, ಬೊಂಗ್ಜಾ, ಅವರ ಹಿಂದೆ ಊರು, ಊರಿನ ಹಿಂದೆ ಬೆಕ್ಕುಗಳು. ಅಜ್ಜಿ ಇಳಿದಳು. ಮೀನಿನ ಬುಟ್ಟಿಗಳು ಆಕೆಯ ಬೆನ್ನನ್ನು ಎಂದೋ ಮಡಚಿಬಿಟ್ಟಿದ್ದವು. ನೆಲವನ್ನೇ ನೋಡುತ್ತ ನಡೆಯುವಷ್ಟು ಬಾಗಿದ್ದಳು. ಯಾರ ಕೈಯನ್ನೂ ಹಿಡಿಯದೆ ನೇರವಾಗಿ ಹೊಸ ಕೋಣೆಗೆ ಹೋದಳು, ಮೆಟ್ಟಿಲು ಹತ್ತಿದಳು, ಬಾಗಿಲು ದಾಟಿ ಒಳಗೆ ಹೋದಳು. ತಲೆ ತಗ್ಗಿಸಲಿಲ್ಲ, ನಡಿಗೆ ನಿಧಾನಿಸಲಿಲ್ಲ. ಎಲ್ಲರನ್ನೂ ಬಗ್ಗಿಸಿದ ಬಾಗಿಲು ಆಕೆಯೊಬ್ಬಳ ಅಳತೆಗೆ ಮಾಡಿಸಿದ ಹಾಗಿತ್ತು. ದೊಕ್ಪಾಲನ ಮೈ ಜುಮ್ಮೆಂದಿತು.

ಅಜ್ಜಿ ಒಲೆಬದಿಗೆ ಹೋಗಿ ಅಂಗೈ ಒತ್ತಿದಳು. ಬಹಳ ಹೊತ್ತು ಒತ್ತಿಯೇ ಇದ್ದಳು. ಆಮೇಲೆ ಕೈ ತೆಗೆದು, ತಿರುಗಿ, ಕೋಣೆಯ ಉದ್ದಕ್ಕೂ ನಡೆದು ಬಂದು ಬಾಗಿಲಬದಿಯಲ್ಲಿ, ಹೊಸ್ತಿಲಿಗೆ ತಾಗಿ, ಗಾಳಿ ಬರುವ ಕಡೆ ಕೂತಳು.

ಎಲ್ಲರೂ ಒಟ್ಟಿಗೆ ಒಲೆಬದಿಗೆ ಬನ್ನಿ ಎಂದರು. ಆಕೆ ಬೇಡ ಎಂದಳು. ಮೂರನೆಯ ಒತ್ತಾಯವಾಯಿತು, ಹತ್ತನೆಯದೂ ಆಯಿತು. ಅಜ್ಜಿ ಬಾಗಿಲಬದಿಯಲ್ಲೇ ಕೂತಿದ್ದಳು. ಸೂನಿಮ್ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ತಾಯಿಯ ಮುಂದಿಟ್ಟು ಹಿಂದೆ ಸರಿದಳು. ಕಿಹ್ವಾನ್ ಮೃದುವಾಗಿಯೇ, ಅಮ್ಮನಿಗೆ ಹಿಡಿಸಲಿಲ್ಲ, ಬೇಜಾರು ಮಾಡ್ಕೋಬೇಡ ಸೂನಿಮ್, ಊಟ ಮಾಡಿ ಇವತ್ತೇ ಹೊರಡ್ತೀವಿ ಎಂದ.

ಆಗ ಜಗಳ ಶುರುವಾಯಿತು. ಬಿಸಿನೀರಿನ ಹಬೆ ಸೇರಿ ನನ್ನ ಕಲ್ಲು ಕೆಟ್ಟಿತು ಎಂದು ನಾಮ್ ಹೇಳಿದ. ಯಾವ ಕಲ್ಲು ಎಂದು ಮುನ್ ಕೇಳಿದ. ನನ್ನ ಅಳಿಯನ ಹಾಳೆಯ ಕೆಳಗೆ ಇವರಿಬ್ಬರಿಗೂ ಏನು ಕೆಲಸ ಎಂದು ಬೊಂಗ್ಜಾ ಕೇಳಿದಳು. ಮೂರೂ ನೆಲಗಳ ಪುರಾಣ ಅಂಗಳದಲ್ಲೇ ಬಿಚ್ಚಿಕೊಂಡಿತು. ಮೂವರೂ ಒಟ್ಟಿಗೆ ದೊಕ್ಪಾಲನ ಕಡೆ ತಿರುಗಿದರು.

“ಇಷ್ಟು ಹೇಳಿ,” ಎಂದ ನಾಮ್, “ನೀವು ಆರಿಸಿದ್ದು ಯಾರ ನೆಲ?”

ದೊಕ್ಪಾಲ ಮೂವರ ಮುಖವನ್ನೂ ನೋಡಿದ. ಹೂಂ ಎಂದ. ಆಮೇಲೆ, ಒಲೆಗೆ ಸೌದೆ ತರ್ತೀನಿ ಎಂದು ಸೌದೆಮನೆಯ ವಿರುದ್ಧ ದಿಕ್ಕಿಗೆ ಹೊರಟುಹೋದ.

ಮುನ್ ಅವಮಾನದಿಂದ ಬಾಯ್ಲರಿನ ಗುಂಡಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಅಂಗಡಿಗೆ ಹೋದ. ಬೊಂಗ್ಜಾ ಸ್ವಿಚ್ಚು ಆರಿಸಿ ಹೋದಳು. ನಾಮ್ ಕೂಡ ತನ್ನ ಬೆಂಕಿ ತಾನು ತೆಗೆದುಕೊಂಡು ಹೋಗಬೇಕೆಂದು ಒಲೆಯ ಮುಂದೆ ಕೂತು ನೋಡಿದ. ಆದರೆ ಅಲ್ಲಿ ಕೆಂಡ ಬಿಟ್ಟರೆ ಏನೂ ಇರಲಿಲ್ಲ. ಬಿಸಿಯನ್ನೆಲ್ಲ ಬಂಡೆ ಕುಡಿದಾಗಿತ್ತು, ಅದನ್ನು ವಾಪಸು ಕೊಡಿಸುವ ಅಧಿಕಾರ ಊರ ಯಜಮಾನನಿಗೂ ಇರಲಿಲ್ಲ.

ದೊಕ್ಪಾಲ ಬಸ್ ನಿಲ್ದಾಣದಲ್ಲಿ ಕೂತಿದ್ದ. ಎಲ್ಲಿಗೋ ಹೋಗುವ ಉದ್ದೇಶದಿಂದಲ್ಲ, ನಾಚಿಕೆಗೆ ತಲೆಮರೆಸಿಕೊಳ್ಳಲು ಊರಲ್ಲಿ ಬೇರೆ ಮಾಡು ಇರಲಿಲ್ಲ. ಹೆಂಡತಿ ಒಂದೇ ಒಂದು ಕೇಳಿದ್ದಳು, ಅದೂ ಹೋಯಿತು ಎಂದು ಅವನಿಗೆ ಅಳು ಬಂತು. ಕಣ್ಣೊರೆಸಲು ಕೈ ಎತ್ತಿದ. ಬಸ್ಸು ನಿಂತಿತು. ಬಾಗಿಲು ತೆರೆದು, ಅವನ ಕೈಕೆಳಗೇ ಕಲಿತ ಚಾಲಕ, ಹತ್ತಿ ಅಣ್ಣ ಎಂದ. ನಿಂತ ಬಸ್ಸನ್ನು ಕಳಿಸಿಬಿಡುವುದು ದೊಕ್ಪಾಲನಿಗೆ ಹೇಗೆಂದು ಗೊತ್ತಿರಲಿಲ್ಲ. ಹತ್ತಿದ. ಬಸ್ಸು ಜಿಲ್ಲಾ ಪೇಟೆಗೆ ಹೋಯಿತು, ಅಲ್ಲಿ ಬಹಳ ಹೊತ್ತು ನಿಂತಿತು, ಹಿಮ ಬೀಳುವ ರಸ್ತೆಯಲ್ಲಿ ತೆವಳುತ್ತ ವಾಪಸು ಬಂತು. ಅವನು ಕಿಟಕಿಗೆ ಹಣೆಯಿಟ್ಟು ಅಷ್ಟು ದೂರವೂ ಕೂತಿದ್ದ.

ಇಳಿದಾಗ ಕತ್ತಲಾಗಿತ್ತು. ಅಂಗಳದಲ್ಲಿ ಕಾರು ಇರಲಿಲ್ಲ, ಟೈರಿನ ಗುರುತಿನ ಮೇಲೆ ಆಗಲೇ ಹಿಮ ಬಿದ್ದಿತ್ತು. ಅತ್ತೆ ಹೋದಳು ಎಂದುಕೊಂಡು, ಹೆಂಡತಿಗೆ ಏನು ಹೇಳಲಿ ಎಂದು ಯೋಚಿಸುತ್ತ ಹೊಸ ಕೋಣೆಯ ಮೆಟ್ಟಿಲು ಹತ್ತಿ, ಬಗ್ಗಿ, ಒಳಗೆ ತಲೆ ಹಾಕಿದ.

ಬಾಗಿಲಬದಿಯಲ್ಲಿ ಅತ್ತೆ ಕೂತಿದ್ದಳು.

“ಬಂದ್ರಾ ಅಳಿಯಂದಿರೆ,” ಎಂದಳು. “ಊಟ ಆಗಿಲ್ಲ ತಾನೆ.”

ಒಲೆಬದಿಯಲ್ಲಿ ಒಂದು ರಜಾಯಿ ಹಾಸಿತ್ತು. ಅಜ್ಜಿ ಮೊಣಕಾಲ ಮೇಲೆ ತೆವಳಿಕೊಂಡು ಅಲ್ಲಿಗೆ ಹೋಗಿ, ರಜಾಯಿಯ ಕೆಳಗೆ ಎರಡೂ ಕೈ ಹಾಕಿ, ಟವೆಲಿನಲ್ಲಿ ಸುತ್ತಿದ್ದ ಹಿತ್ತಾಳೆ ಬಟ್ಟಲೊಂದನ್ನು ತೆಗೆದಳು. ಮುಚ್ಚಳ ತೆಗೆದಾಗ ಅನ್ನದಿಂದ ಆವಿ ಎದ್ದಿತು. ಈಗಷ್ಟೇ ಬಡಿಸಿದ ಹಾಗಿತ್ತು. ದೊಕ್ಪಾಲ ಜೋಡು ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತುಬಿಟ್ಟ. ಅಷ್ಟು ಹೊತ್ತು ಬಿಸಿಯಾಗಿ ತನಗಾಗಿ ಏನಾದರೂ ಕಾದಿದ್ದುದನ್ನು ಅವನು ಎಂದೂ ಕಂಡಿರಲಿಲ್ಲ.

ಭಾವ ಎಲ್ಲಿ ಎಂದು ಮೆಲ್ಲಗೆ ಕೇಳಿದ.

“ಹೋದ. ಬಾಮ್ಮಾ ಹೊರಡು ಅಂದ. ಮನೆ ಗಂಡಸು ಇನ್ನೂ ಬಂದಿಲ್ಲ, ಅನ್ನ ರಜಾಯಿ ಕೆಳಗಿದೆ, ಬಿಟ್ಟು ಹೇಗೋ ಬರ್ಲಿ ಅಂದೆ. ಅವನಿಗೆ ಅರ್ಥ ಆಗ್ಲಿಲ್ಲ. ಅವನ ಮನೇಲಿ ಒಂದು ಪೆಟ್ಟಿಗೆ ಇದೆ, ಅನ್ನ ಇಟ್ರೆ ಟಿಣ್ ಅನ್ನತ್ತೆ, ಬಿಸಿ ಆಗಿರತ್ತೆ. ಯಾರಿಗೂ ಯಾರೂ ಕಾಯೋದೇ ಬೇಡ.”

ಬಟ್ಟಲನ್ನು ಅವನ ಕೈಗಿಟ್ಟು ಮತ್ತೆ ಬಾಗಿಲಬದಿಗೆ ಹೋಗಿ ಕೂತಳು. ಹೆಚ್ಚು ಮಾತಾಡುವವಳಲ್ಲ, ಆದರೂ ಅಂದು ಹೇಳಿದಳು. ಒಲೆಬದಿಯಲ್ಲಿ ತಾನು ಎಂದೂ ಕೂತವಳಲ್ಲ, ಅದು ಅನ್ನದ ಬಟ್ಟಲಿನ ಜಾಗ, ಬಾಗಿಲಬದಿ ಕಾಯುವವಳ ಜಾಗ. ಗಂಡ ದೋಣಿ ತೆಗೆದುಕೊಂಡು ಹೋದ ದಿನವೂ ಅಲ್ಲಿ ಬಟ್ಟಲಿಟ್ಟಿದ್ದಳು. ಅವನು ಬರಲಿಲ್ಲ. ಆಮೇಲೂ ಎರಡು ಚಳಿಗಾಲ ಇಡುತ್ತಲೇ ಇದ್ದಳು, ಬೆಳಿಗ್ಗೆ ಆ ಅನ್ನ ತಿಂದೇ ಬುಟ್ಟಿ ಹೊತ್ತು ಹೊರಡುತ್ತಿದ್ದಳು. ದೊಕ್ಪಾಲ ತುತ್ತು ಬಾಯಿಗಿಡಲಾರದೆ, ಇಡದಿರಲೂ ಆರದೆ, ತಲೆ ತಗ್ಗಿಸಿ ಉಂಡ. ನಾಲಿಗೆ ಸುಟ್ಟಿತು. ಅಡುಗೆಮನೆಯ ಕದದ ಸಂದಿಯಲ್ಲಿ ಸೂನಿಮ್ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

ಅವನು ಬಟ್ಟಲು ಬರಿದುಮಾಡುವವರೆಗೂ ಅಜ್ಜಿ ನೋಡುತ್ತಿದ್ದಳು.

“ನಾಳೆ ಎಲ್ಲಿಗೆ ಹೋಗ್ತೀರಿ?” ಎಂದು ಕೇಳಿದಳು.

“ಎಲ್ಲಿಗೂ ಇಲ್ಲ ಅತ್ತೆ. ನಿವೃತ್ತಿ ಆಯ್ತಲ್ಲ. ಇನ್ಮೇಲೆ ದಿನಾ ಮನೇಲೇ, ನಿಮ್ಮ ಜೊತೇಲೇ ಇರ್ತೀನಿ.”

ಅಜ್ಜಿಯ ಮುಖ ಸಪ್ಪಗಾಯಿತು. ನೆಲವನ್ನೊಮ್ಮೆ ಸವರಿದಳು.

“ಮನೇಲೇ ಇರೋರಿಗೆ ಏನಂತ ಅನ್ನ ಎತ್ತಿಡೋದು,” ಎಂದಳು. “ಎಲ್ಲಿಗಾದ್ರೂ ಹೋಗಿ ಬನ್ನಿ ಅಳಿಯಂದಿರೆ. ಸ್ವಲ್ಪ ತಡ ಮಾಡ್ಕೊಂಡೇ ಬನ್ನಿ.”

ದೊಕ್ಪಾಲ ಹೂಂ ಎಂದ.

ಅಂದಿನಿಂದ ಅವನು ದಿನಾ ಮಧ್ಯಾಹ್ನದ ಬಸ್ಸು ಹತ್ತುತ್ತಾನೆ. ಪೇಟೆಯಲ್ಲಿ ಅವನಿಗೆ ಯಾವ ಕೆಲಸವೂ ಇಲ್ಲ. ಬೀಜದ ಅಂಗಡಿ ನೋಡುತ್ತಾನೆ, ಮೀನಂಗಡಿ ನೋಡುತ್ತಾನೆ, ವಾಪಸು ಬರುತ್ತಾನೆ. ಬಸ್ಸು ಬೇಗ ಬಂದುಬಿಟ್ಟ ದಿನ ಮನೆಗೆ ಹೋಗುವುದಿಲ್ಲ. ಇಡೀ ಕಣಿವೆಯಲ್ಲಿ ಅತಿ ಬೆಚ್ಚನೆಯ ನೆಲವಿರುವ ಮನೆಯ ಯಜಮಾನ, ನಿಲ್ದಾಣದ ತಣ್ಣನೆಯ ಬೆಂಚಿನ ಮೇಲೆ ಕೂತು, ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ನಡುಗುತ್ತ, ತಡವಾಗಲೆಂದು ಕಾಯುತ್ತಾನೆ.